ಸ್ಪೀಡಿನ ವೈರು

ನಾಗಲಕ್ಷ್ಮಿಗೆ ದಿಕ್ಕು ಗೊತ್ತಾಗುತ್ತಿರಲಿಲ್ಲ. ಎಡ ಬಲ ಗೊತ್ತಿತ್ತು, ಗೇರು ಕ್ಲಚ್ಚು ಗೊತ್ತಿತ್ತು, ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವುದೂ ಗೊತ್ತಿತ್ತು. ಆದರೆ ಒಂದು ಸಲ ಸೇತುವೆಯ ಕೆಳಗೆ ಹೊಕ್ಕು ಹೊರಬಿದ್ದಳೆಂದರೆ ಹಾವೇರಿ ಯಾವ ಕಡೆ, ರಾಣೆಬೆನ್ನೂರು ಯಾವ ಕಡೆ ಎಂಬುದು ತಲೆಯಿಂದ ಅಳಿಸಿಹೋಗುತ್ತಿತ್ತು. ಅದಕ್ಕೇ ಈಗ ಅವಳ ರೊಟ್ಟಿಯ ವ್ಯಾನು ರಾಣೆಬೆನ್ನೂರಿನಲ್ಲಿ ರಸ್ತೆಯ ಮಗ್ಗುಲಿಗೆ ನಿಂತಿತ್ತು. ಅದರ ಮುಂಬಾಗಿಲಿನಿಂದ ಚನ್ನೇಶನ ಎರಡು ಕಾಲು ಹೊರಗೆ ಚಾಚಿದ್ದವು.

ಚನ್ನೇಶ ಗಾಡಿಗಳ ವೈರಿಂಗ್ ಕೆಲಸದವನು. ಅವನ ಅಂಗಡಿ ಅಂದರೆ ಒಂದು ತಗಡಿನ ಗೂಡು. ಗಾಡಿಗಳು ರಸ್ತೆಯ ಮೇಲೆಯೇ ನಿಲ್ಲಬೇಕು. ವ್ಯಾನಿನ ಮೀಟರು ಬಿಚ್ಚಿ, ಮುಖ ಕೆಳಗೆ ಮಾಡಿ ಇಳಿಬಿಟ್ಟಿದ್ದ. ಅದರ ಹಿಂದಿನ ವೈರುಗಳ ಗೊಂಚಲಿನೊಳಗೆ ತಲೆ ಹಾಕಿ, ಸೂಜಿಯಂಥ ಮೊನೆಯ ಟೆಸ್ಟ್ ಲ್ಯಾಂಪಿನಿಂದ ಒಂದೊಂದೇ ವೈರು ಚುಚ್ಚಿ ನೋಡುತ್ತಿದ್ದ. ಪಕ್ಕದ ಅಂಗಡಿಯಲ್ಲಿ ಟ್ರ್ಯಾಕ್ಟರ್ ಟ್ರೇಲರಿಗೆ ಗ್ರೈಂಡರ್ ಹಿಡಿದಿದ್ದರು. ಆ ಸದ್ದಿನಲ್ಲಿ ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ತರಬೇಕಿತ್ತು.

ಸೀಟಿನ ಮೇಲೆ ನ್ಯಾವಿಗೇಶನ್ ಡಬ್ಬಿ ಬಿದ್ದಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ತಮ್ಮ ಹಳೆಯ ದೊಡ್ಡ ಕಾರು ಮಾರುವಾಗ ಬಿಚ್ಚಿಸಿಟ್ಟಿದ್ದ ಡಬ್ಬಿ ಅದು. ನಾಗಲಕ್ಷ್ಮಿ ಮಾರ್ಕೆಟ್ ಯಾರ್ಡಿಗೆ ಊಟ ತರಲು ತಡಮಾಡುವುದನ್ನು ನೋಡಿ ನೋಡಿ, ಇದನ್ನಾದರೂ ಹಾಕಿಸಿಕೋ ಎಂದು ಕೊಟ್ಟಿದ್ದರು. ಫೋನಿನಲ್ಲಿಯೂ ಮ್ಯಾಪ್ ಇತ್ತು. ಆದರೆ ರೊಟ್ಟಿ ಬೇಕೆನ್ನುವವರ ಕರೆಗಳು ಬೆಳಗಿನಿಂದ ಬರುತ್ತಲೇ ಇರುತ್ತಿದ್ದವು. ಕರೆ ಬಂದಾಗಲೆಲ್ಲ ಮ್ಯಾಪ್ ಮರೆಯಾಗುತ್ತಿತ್ತು, ಮರೆಯಾದ ಹೊತ್ತಿಗೇ ಸರ್ಕಲ್ ಬರುತ್ತಿತ್ತು. ನಿಲ್ಲಿಸಿ ಯಾರನ್ನಾದರೂ ಕೇಳಿದರೆ, ಈ ಕಡೆಯ ಜನ ಮೂಡಲಕ್ಕೆ ಹೋಗ್ರಿ, ಬಡಗಲಕ್ಕೆ ಹೊಳ್ಳ್ರಿ ಎಂದು ಹೇಳಿ ಮುಗಿಸುತ್ತಿದ್ದರು. ಮೂಡಲ ಯಾವುದೆಂದು ತಿಳಿದಿದ್ದರೆ ಅವಳು ಕೇಳುತ್ತಲೇ ಇರಲಿಲ್ಲ.

"ಈ ಡಬ್ಬಿಗೆ ಸ್ಯಾಟಲೈಟ್ ಒಂದ ಸಾಲಂಗಿಲ್ರಿ ಅಕ್ಕಾರ," ಎಂದು ಚನ್ನೇಶ ಕೆಳಗಿನಿಂದಲೇ ಹೇಳಿದ್ದ. "ಬ್ರಿಡ್ಜ್ ಕೆಳಗ, ತಗಡಿನ ಶೆಡ್ಡಿನ್ಯಾಗ ಅದಕ್ಕ ಕಣ್ಣ ಕಾಣಂಗಿಲ್ಲ. ಆವಾಗ ಗಾಲಿ ಎಷ್ಟ ಉರುಳಿದ್ವು ಅಂತ ಎಣಿಸಿ ದಾರಿ ಹೇಳತೈತಿ. ಆ ಎಣಿಕಿ ಬರೂ ವೈರು ಇದರಾಗ ಎಲ್ಲೋ ಒಂದ ಐತಿ."

ಆ ವೈರಿನ ಗುರುತು ಏನೆಂದರೆ, ಗಾಡಿ ಉರುಳಿದಾಗ ಅದರಲ್ಲಿ ಕರೆಂಟು ನಾಡಿಯ ಹಾಗೆ ಬಡಿಯುತ್ತದೆ. ಲ್ಯಾಂಪು ಹಿಡಿದರೆ ಮಿಣುಕುತ್ತದೆ. ಚಹಾದಂಗಡಿಯ ಗಿರಾಕಿಗಳಿಬ್ಬರು ಬಂದು ವ್ಯಾನನ್ನು ತಳ್ಳಿದರು. ಚನ್ನೇಶ ಒಂದು ವೈರು ಚುಚ್ಚಿ ತಳ್ರಿ ಅನ್ನುವನು, ಲ್ಯಾಂಪು ಸುಮ್ಮನಿದ್ದರೆ ಸಾಕು ಅನ್ನುವನು. ಐದಾರು ವೈರು ಆದ ಮೇಲೆ ಒಂದರಲ್ಲಿ ಲ್ಯಾಂಪು ಮಿಣುಕಿತು. ಸಿಕ್ಕಿತು ಎಂದವನೇ ಚನ್ನೇಶ ಆ ವೈರಿನ ಸಿಪ್ಪೆ ಸುಲಿದು, ಡಬ್ಬಿಯ ವೈರು ಸುತ್ತಿ, ಟೇಪು ಕಟ್ಟಿಬಿಟ್ಟ. ಒಂದು ದಿನ ಓಡಿಸಿರಿ, ಎಷ್ಟು ಬಡಿತಕ್ಕೆ ಎಷ್ಟು ದೂರ ಎಂಬುದನ್ನು ಡಬ್ಬಿ ತಾನೇ ಕಲಿತುಕೊಳ್ಳುತ್ತದೆ ಎಂದ.

ವ್ಯಾನಿನ ಹಿಂದೆ ಮುಂದೆ ನಾಲ್ಕೂ ಇಂಡಿಕೇಟರುಗಳು ಟಿಕ್ ಟಿಕ್ ಎಂದು ಮಿನುಗುತ್ತಿದ್ದವು. ನಾಗಲಕ್ಷ್ಮಿಯೇ ಹಾಕಿದ್ದು. ರಸ್ತೆಯ ಮೇಲೆ ನಿಂತರೆ ನಾಲ್ಕೂ ಲೈಟು, ಸರ್ಕಲಿನಲ್ಲಿ ನೆಟ್ಟಗೆ ಹೋಗುವುದಿದ್ದರೂ ನಾಲ್ಕೂ ಲೈಟು ಎಂದು ಬ್ಯಾಡಗಿಯ ಡ್ರೈವಿಂಗ್ ಶಾಲೆಯವನು ಕಲಿಸಿದ್ದ. ಗ್ರೈಂಡರಿನ ಸದ್ದಿನಲ್ಲಿ ಟಿಕ್ ಟಿಕ್ ಯಾರಿಗೂ ಕೇಳಿಸಲಿಲ್ಲ.

ಮೋಟೆಬೆನ್ನೂರಿನಲ್ಲಿ ಅವಳ ಮನೆ. ಅತ್ತೆ ಗುಡ್ಡವ್ವ, ಓಣಿಯ ನಾಲ್ಕೈದು ಹೆಂಗಸರು ಸೇರಿ ರೊಟ್ಟಿ ಬಡಿಯುತ್ತಿದ್ದರು. ಒಣಗಿಸಿದ ಕಟಕ ರೊಟ್ಟಿ ಹಾವೇರಿಯ ಕಿರಾಣಿ ಅಂಗಡಿಗಳಿಗೆ, ಬಿಸಿ ರೊಟ್ಟಿ ಪಲ್ಲೆ ಮಧ್ಯಾಹ್ನ ಬ್ಯಾಡಗಿಯ ಯಾರ್ಡಿಗೆ, ಸಂಜೆಯ ಹೊತ್ತಿಗೆ ರಾಣೆಬೆನ್ನೂರಿನ ಖಾನಾವಳಿಗೆ. ವ್ಯಾನು ಓಡಿಸುತ್ತಿದ್ದವನು ಗಂಡ ಹಾಲೇಶಪ್ಪ. ಅವನು ಅಟ್ಟದಿಂದ ಜೋಳದ ಚೀಲ ಇಳಿಸುವಾಗ ಏಣಿ ಜಾರಿ ಕಾಲು ಮುರಿದುಕೊಂಡ. ಕಾಲಿಗೆ ಹಾಕಿದ್ದ ಪಟ್ಟಿ ಬಿಚ್ಚಿದರೂ ಆ ಕಾಲು ಇನ್ನು ಕ್ಲಚ್ಚು ಒತ್ತಲಾರದು ಎಂದು ಡಾಕ್ಟರು ಹೇಳಿದರು. ನಾಗಲಕ್ಷ್ಮಿ ಯಾರನ್ನೂ ಕೇಳದೆ ಡ್ರೈವಿಂಗ್ ಶಾಲೆಗೆ ಸೇರಿದಳು. ಹದಿನೆಂಟು ವರ್ಷ ಒಲೆಯ ಮುಂದೆ ಕೂತಿದ್ದವಳಿಗೆ ಸ್ಟೇರಿಂಗಿನ ಮುಂದೆ ಕೂತ ಮೇಲೆ ಒಲೆ ಬೇಡವಾಯಿತು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಕೂತಲ್ಲಿಂದ ಎದ್ದು ಬಾ ಎಂದು ಕರೆಯುವವರಿರಲಿಲ್ಲ. ಅದನ್ನು ಅವಳು ಬಿಟ್ಟುಕೊಡಲು ತಯಾರಿರಲಿಲ್ಲ.

ಬಿಟ್ಟುಕೊಡುವ ಹೊತ್ತು ಹತ್ತಿರವಾಗಿತ್ತು. ಯಾರ್ಡಿಗೆ ಊಟ ಮೇಲಿಂದ ಮೇಲೆ ತಡವಾಗುತ್ತಿತ್ತು. ಹಾಲೇಶಪ್ಪನ ಚಿಕ್ಕಪ್ಪನ ಮಗ ಮೈಲಪ್ಪ ಲಾರಿ ಓಡಿಸುವುದು ಬಿಟ್ಟು ಊರಲ್ಲಿ ಖಾಲಿ ಇದ್ದ. ಇನ್ನೊಂದು ಸಲ ತಡವಾದರೆ ಚಾವಿ ಮೈಲಪ್ಪನಿಗೆ ಎಂದು ಹಾಲೇಶಪ್ಪ ಹೇಳಿದ್ದ. ಅವನು ಕೆಟ್ಟವನಲ್ಲ. ರೊಟ್ಟಿ ಆರಿದರೆ ಯಾರೂ ತಿನ್ನುವುದಿಲ್ಲ ಎಂಬ ಲೆಕ್ಕ ಅವನದು. ಲೆಕ್ಕ ಸರಿಯಾಗಿಯೇ ಇತ್ತು.

ಡಬ್ಬಿ ಹಾಕಿಸಿದ ಮರುದಿನವೇ ತಡವಾಯಿತು.

ಹಾವೇರಿಯ ಮೊದಲ ಸರ್ಕಲಿನವರೆಗೆ ಡಬ್ಬಿ ಚೆನ್ನಾಗಿಯೇ ಹೇಳಿತು. ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಲೆಫ್ಟ್, ರೈಟ್ ಅನ್ನುತ್ತಿದ್ದಳು. ನಾಗಲಕ್ಷ್ಮಿಗೆ ಅಷ್ಟು ಸಾಕಿತ್ತು. ಸರ್ಕಲಿನಲ್ಲಿ ನೆಟ್ಟಗೆ ಹೋಗಬೇಕಿತ್ತು. ನಾಲ್ಕೂ ಲೈಟು ಹಾಕಿದಳು. ಪರದೆಯ ಮೇಲೆ ವ್ಯಾನು ಇರುವ ಜಾಗ ತೋರಿಸುವ ಬಾಣ ಕುಪ್ಪಳಿಸಿ ಮುಂದಿನ ಓಣಿಗೆ ಹೋಗಿಬಿಟ್ಟಿತು, ಅಲ್ಲಿಂದ ಎಡಕ್ಕೆ ತಿರುಗು ಎಂದಿತು. ತಿರುಗಿದಳು. ಅದು ಬಟ್ಟೆ ಅಂಗಡಿಯ ಹಿತ್ತಿಲು. ಪ್ರತಿ ಸರ್ಕಲಿನಲ್ಲಿಯೂ ಹೀಗೆಯೇ ಆಯಿತು. ಮನೆಗೆ ಬಂದು ಬಿಸಿ ರೊಟ್ಟಿ ಹೇರಿಕೊಂಡು ಬ್ಯಾಡಗಿಗೆ ಹೋಗಲೆಂದು ಹೆದ್ದಾರಿಯ ಸೇತುವೆಯ ಕೆಳಗೆ ಇಂಡಿಕೇಟರು ಹಾಕಿಕೊಂಡು ಹೊಕ್ಕರೆ, ಬಾಣ ಅವಳಿಗಿಂತ ಮೊದಲೇ ಹೊರಬಿದ್ದು ಕಾಯುತ್ತಿತ್ತು. ಅದು ಹೇಳಿದಂತೆ ತಿರುಗಿ ರಾಣೆಬೆನ್ನೂರಿನ ಹೆದ್ದಾರಿ ಹಿಡಿದಳು. ಹಿಂದಕ್ಕೆ ಹೊರಳಲು ಜಾಗ ಸಿಕ್ಕಿದ್ದು ಬಹಳ ದೂರ ಹೋದ ಮೇಲೆ. ಯಾರ್ಡು ಮುಟ್ಟಿದಾಗ ಎಲ್ಲರೂ ಮಿರ್ಚಿ ಮಂಡಕ್ಕಿ ತಿಂದು ಕೈ ತೊಳೆದಿದ್ದರು.

ಸುದ್ದಿ ಅವಳಿಗಿಂತ ಮೊದಲೇ ಮನೆಗೆ ಹೋಗಿತ್ತು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಹಾಲೇಶಪ್ಪ ಚಾವಿಗೆಂದು ಕೈ ಮುಂದೆ ಮಾಡಿದ. ಕಟ್ಟೆಯ ಮೇಲೆ ಮೈಲಪ್ಪ ಆಗಲೇ ಬಂದು ಕೂತಿದ್ದ. ಗುಡ್ಡವ್ವ ಹಿಟ್ಟು ನಾದುತ್ತ, ಮನೆಯೊಳಗಿನ ಒಂದು ಬಾಯಿಗೇ ಊಟ ಮುಟ್ಟಿಸಲು ಆಗದವಳು ಊರಿಗೆಲ್ಲ ಮುಟ್ಟಿಸಲು ಹೋದಳು, ಅದರ ಮೇಲೆ ಡಬ್ಬಿಯೊಳಗೆ ಇಂಗ್ಲಿಷ್ ಸವತಿಯನ್ನೂ ತಂದಿಟ್ಟುಕೊಂಡಳು ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದಳು.

ನಾಗಲಕ್ಷ್ಮಿ ಚಾವಿ ಕೊಡಲಿಲ್ಲ. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು.

"ನಾಳೆ ಮೈಲಪ್ಪ ನನ್ನ ಮಗ್ಗಲ ಕುಂದರಲಿ," ಎಂದಳು. "ನಾ ಓಡಸ್ತೇನಿ. ಅವ ಬಾಯಿ ಬಿಡಬಾರದು, ಸ್ಟೇರಿಂಗ್ ಮುಟ್ಟಬಾರದು. ಒಂದ ಊಟ ತಡ ಆತು, ಇಲ್ಲಾ ಅವ ಕೈ ಹಚ್ಚೂ ಪಾಳಿ ಬಂತು ಅಂದ್ರ ಚಾವಿ ಅವಗ ಕೊಟ್ಟು ಅಲ್ಲೇ ಇಳದು ನಡಕೊಂಡ ಬರ್ತೇನಿ."

"ನನಗೂ ಬಾಯಿ ಮುಚ್ಚಿಕೊಂಡ ಕುಂತ್ರ ಪಗಾರ ಐತೇನ್ ಅತ್ತಿಗಿ?" ಎಂದು ಮೈಲಪ್ಪ ಕೇಳಿದ. ಅವನಿಗೆ ಕೆಲಸ ಬೇಕಾಗಿತ್ತು, ಆದರೆ ಬಹಳ ಬೇಕಾಗಿರಲಿಲ್ಲ. ಹಾಲೇಶಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

ಮರುದಿನ ಹಾವೇರಿಯ ಸರದಿ ಇರಲಿಲ್ಲ. ಹೆದ್ದಾರಿಯ ಸೇತುವೆಯನ್ನು ದಾಟುವುದೊಂದೇ ಕಷ್ಟ. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಬ್ಯಾಡಗಿಗೆ ಹೊರಟ ಬಸ್ಸಿನ ಹಿಂದೆ ಅಂಟಿಕೊಂಡು ಹೋದಳು. ಬಸ್ಸು ನಿಂತಲ್ಲೆಲ್ಲ ನಿಂತಳು. ಮೈಲಪ್ಪ ಬಾಯಿ ಬಿಡಲಿಲ್ಲ, ಆದರೆ ಎದುರು ಲಾರಿ ಬಂದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಯಾರ್ಡಿಗೆ ಊಟದ ಹೊತ್ತಿಗೆ ಮುಂಚೆಯೇ ತಲುಪಿದರು.

ಮಾರ್ಕೆಟ್ಟಿನ ದಿನ. ತಗಡಿನ ಶೆಡ್ಡಿನ ಉದ್ದಕ್ಕೂ ಕೆಂಪು ಮೆಣಸಿನಕಾಯಿಯ ರಾಶಿ. ಹೊಸಬರಾಗಿದ್ದರೆ ಸೀನಿ ಸೀನಿ ಸಾಯಬೇಕು. ನಾಗಲಕ್ಷ್ಮಿ ವ್ಯಾನನ್ನು ಶೆಡ್ಡಿನೊಳಗೇ ನಿಲ್ಲಿಸಿ, ನಾಲ್ಕೂ ಲೈಟು ಹಾಕಿ, ಬುಟ್ಟಿ ಇಳಿಸಿಕೊಂಡು ಅಂಗಡಿ ಅಂಗಡಿಗೆ ಹೋದಳು. ಊಟ ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ ಡಬ್ಬಿ ಕೊಟ್ಟಿದ್ದ ವ್ಯಾಪಾರಿ ಅದನ್ನೇ ಹೊಗಳಿದರು. ಅವಳು ಬಸ್ಸಿನ ಸುದ್ದಿ ಎತ್ತದೆ ಮುಂದಿನ ಅಂಗಡಿಗೆ ನಡೆದಳು. ತಿರುಗಿ ಬಂದಾಗ ಮೈಲಪ್ಪ ಪರದೆಗೆ ಮೂಗು ಹಚ್ಚಿ ಕೂತಿದ್ದ.

"ಅತ್ತಿಗಿ, ಇದು ಗಾಡಿ ಬಗ್ಗೆ ಅಲ್ಲ, ಡಬ್ಬಿ ಬಗ್ಗೆ ಮಾತು. ಇದಕ್ಕ ಬಾಯಿ ಬಿಡಬಹುದೇನು?"

"ಬಿಡು."

"ಗಾಡಿ ನಿಂತಲ್ಲೇ ಐತಿ. ನಾನೂ ಇಲ್ಲೇ ಕುಂತೇನಿ. ಇದು ಮಾತ್ರ ಕದರಮಂಡಲಗಿ ಹಾದಿ ಹಿಡದೈತಿ. ನಮ್ಮನ್ನ ಬಿಟ್ಟು ಆಂಜನೇಯನ ದರ್ಶನಕ್ಕ ಹೊಂಟೈತಿ ನೋಡು."

ಬಗ್ಗಿ ನೋಡಿದಳು. ಬಾಣ ಯಾರ್ಡು ದಾಟಿ, ಊರು ದಾಟಿ, ಹೊಲಗಳ ನಡುವಿನ ರಸ್ತೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಜಿಗಿಯುತ್ತಿತ್ತು. ಶೆಡ್ಡಿನೊಳಗೆ ಹರಾಜು ಮುಗಿದು ಸದ್ದು ಇಳಿದಿತ್ತು. ವ್ಯಾನಿನ ಟಿಕ್ ಟಿಕ್ ಚೆನ್ನಾಗಿ ಕೇಳುತ್ತಿತ್ತು. ಒಂದು ಟಿಕ್, ಒಂದು ಜಿಗಿತ. ಅವಳು ಕೈ ಚಾಚಿ ಲೈಟು ಆರಿಸಿದಳು. ಬಾಣ ನಿಂತಿತು. ಮತ್ತೆ ಹಾಕಿದಳು. ಹೊರಟಿತು. ಆರಿಸಿದಳು. ನಿಂತಿತು. ಮೈಲಪ್ಪ ಈಗ ನೀ ಹಾಕಬೇಡ, ನಾ ಹಾಕುತ್ತೇನೆ ಎಂದು ಒಂದು ಸಲ ತಾನೂ ಹಾಕಿ ನೋಡಿದ.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ. ನಿನ್ನೆಯ ಒಂದೊಂದು ಸರ್ಕಲೂ ನೆನಪಾಯಿತು, ಬಟ್ಟೆ ಅಂಗಡಿಯ ಹಿತ್ತಿಲೂ ನೆನಪಾಯಿತು. ನಿನ್ನೆ ತಪ್ಪಿದ್ದು ಪೂರ್ತಿ ತನ್ನ ತಲೆಯಲ್ಲ ಎಂದು ತಿಳಿದು ಮೈ ಹಗುರಾಯಿತು. ಚನ್ನೇಶ ಚುಚ್ಚಿದ ವೈರು ಗಾಲಿಯದಲ್ಲ, ಇಂಡಿಕೇಟರಿನದು. ಅಂದು ಲ್ಯಾಂಪು ಮಿಣುಕಿದ್ದು ಗಾಡಿ ಉರುಳಿದ್ದಕ್ಕಲ್ಲ, ತಾನು ಹಾಕಿದ್ದ ನಾಲ್ಕೂ ಲೈಟಿಗೆ.

ಆದರೆ ಸಂಜೆಯೊಳಗೆ ಖಾನಾವಳಿಗೆ ಮುಟ್ಟಬೇಕಿತ್ತು, ಹೋಗುವ ದಾರಿ ಕದರಮಂಡಲಗಿಯ ಮೇಲೆಯೇ. ಡಬ್ಬಿಯ ಪ್ರಕಾರ ಅವಳು ಆ ದಾರಿಯಲ್ಲಿ ಆಗಲೇ ಅರ್ಧ ಬಂದಿದ್ದಳು. ಯಾರ್ಡಿನ ಗೇಟಿಗೆ ಬಂದಾಗ ಎದುರಿಗೆ ರಸ್ತೆ ಎರಡಾಯಿತು. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಡಬ್ಬಿಯ ಹೆಂಗಸು ಬಲಕ್ಕೆ ಎಂದಳು. ಆದರೆ ಅವಳು ಹೇಳುತ್ತಿದ್ದುದು ಹೊಲದ ನಡುವಿನ ಯಾವುದೋ ಬಲ. ಮೈಲಪ್ಪನಿಗೆ ದಾರಿ ಗೊತ್ತಿತ್ತು. ಅವನು ಕಿಟಕಿಯ ಕಡೆ ಮುಖ ತಿರುಗಿಸಿ, ಎರಡೂ ತುಟಿ ಒಳಗೆ ಎಳೆದುಕೊಂಡು ಕೂತ.

ನಾಗಲಕ್ಷ್ಮಿ ಗೇಟಿನ ಬಾಯಲ್ಲೇ ಬ್ರೇಕು ಹಾಕಿದಳು. ಮೇಲೆ ಬಯಲು ಆಕಾಶ. ಲೈಟಿನ ಬಡಿತ ಇಲ್ಲದಿದ್ದರೆ ಡಬ್ಬಿ ಆಕಾಶದ ಸ್ಯಾಟಲೈಟನ್ನಷ್ಟೇ ನಂಬಬೇಕು, ನಂಬಿ ತಾನಾಗಿ ಹಿಂದಕ್ಕೆ ಬರಬೇಕು. ಕಾಯುವುದೊಂದೇ ಉಳಿದಿತ್ತು. ಅವಳ ಬೆರಳು ತಾನಾಗಿ ನಾಲ್ಕೂ ಲೈಟಿನ ಗುಂಡಿಯ ಕಡೆ ಹೋಯಿತು; ರಸ್ತೆಯ ಮೇಲೆ ನಿಂತಾಗ ಹಾಕದೆ ಇದ್ದದ್ದು ಈವರೆಗೆ ಇರಲಿಲ್ಲ. ಬೆರಳು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಳು. ಹಿಂದೆ ಚೀಲ ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಇನ್ನೊಂದು, ಆಮೇಲೆ ಆಟೋಗಳು. ಹಾರ್ನು ಶುರುವಾಯಿತು. ಹಮಾಲನೊಬ್ಬ ಕಿಟಕಿಯ ಹತ್ತಿರ ಬಗ್ಗಿದ.

"ಅಕ್ಕಾರ, ಗೇಟಿನ್ಯಾಗ ಮನಿ ಕಟ್ಟಸಾಕತ್ತೀರೇನ್ರಿ?"

"ಹೂಂನಪಾ," ಎಂದಳು ನಾಗಲಕ್ಷ್ಮಿ, ಪರದೆಯಿಂದ ಕಣ್ಣು ತೆಗೆಯದೆ. "ಛತ್ತ ಹಾಕೂದಷ್ಟ ಉಳದೈತಿ. ನಿಂದರು."

ಟ್ರ್ಯಾಕ್ಟರಿನವನು ಇಳಿದು ಬಂದು ಮೈಲಪ್ಪನನ್ನು ಬೈದ. ಗಂಡಸಾಗಿ ಪಕ್ಕದಲ್ಲಿ ಕೂತು ಗಾಡಿ ತೆಗೆಸಲು ಬರುವುದಿಲ್ಲವೇ ಎಂದ. ಮೈಲಪ್ಪ ತನ್ನ ಬಾಯಿ ತೋರಿಸಿ ಕೈ ಅಲ್ಲಾಡಿಸಿದ. ಪಾಪ ಮೂಗ ಇರಬೇಕು ಎಂದುಕೊಂಡು ಟ್ರ್ಯಾಕ್ಟರಿನವನು ಸ್ವಲ್ಪ ಮೆತ್ತಗಾಗಿ ಹೋದ. ಬಾಣ ಹೊಲದಲ್ಲಿ ಒಂದು ಸಲ ನಡುಗಿತು. ಮತ್ತೆ ನಡುಗಿತು. ಆಮೇಲೆ ಒಂದೇ ಜಿಗಿತಕ್ಕೆ ಹಿಂದಕ್ಕೆ ಬಂದು ಯಾರ್ಡಿನ ಗೇಟಿನಲ್ಲಿ, ವ್ಯಾನು ನಿಂತಲ್ಲಿಯೇ ಕೂತಿತು. ಡಬ್ಬಿಯ ಹೆಂಗಸು ತುಸು ತಡೆದು ಎಡಕ್ಕೆ ಎಂದಳು. ನಾಗಲಕ್ಷ್ಮಿ ಇಂಡಿಕೇಟರು ಹಾಕದೆ, ಕಿಟಕಿಯಿಂದ ಬಲಗೈ ಹೊರಗೆ ತೆಗೆದು ಹಳೆಯ ಕಾಲದವರಂತೆ ಸುತ್ತು ತಿರುಗಿಸಿ ತೋರಿಸಿ, ಎಡಕ್ಕೆ ಹೊರಳಿದಳು. ಮೈಲಪ್ಪ ಸೀಟಿಗೆ ಬೆನ್ನು ಆನಿಸಿದ.

ಆಮೇಲಿನ ದಾರಿಯಲ್ಲಿ ಕಷ್ಟವೇನೂ ಆಗಲಿಲ್ಲ. ತಿರುವು ಬಂದಾಗಲೆಲ್ಲ ಕೈ ತೋರಿಸಿದಳು. ಕದರಮಂಡಲಗಿಯಲ್ಲಿ ಗುಡಿಯ ಕಡೆಗೆ ಮೈಲಪ್ಪ ಕೂತಲ್ಲಿಂದಲೇ ಕೈ ಮುಗಿದ, ಅವಳು ತಲೆಯಷ್ಟೇ ಬಗ್ಗಿಸಿದಳು. ಖಾನಾವಳಿಯವರು ಎಲೆ ಹಾಕುವ ಮೊದಲೇ ರೊಟ್ಟಿಯ ಬುಟ್ಟಿ ಇಳಿಯಿತು.

ಬೆಳಕಿದ್ದಾಗಲೇ ಚನ್ನೇಶನ ಅಂಗಡಿಗೆ ಹೋದಳು. ಅವನು ಮೊದಲು ನಂಬಲಿಲ್ಲ. ಡಬ್ಬಿ ಹಳೆಯದು, ಅದರ ತಲೆ ಕೆಟ್ಟಿದೆ ಎಂದ. ಅವಳು ಅವನನ್ನು ಸೀಟಿನಲ್ಲಿ ಕೂರಿಸಿ ನಾಲ್ಕೂ ಲೈಟು ಹಾಕಿದಳು. ನಿಂತ ವ್ಯಾನು ಪರದೆಯ ಮೇಲೆ ಅಂಗಡಿಯ ಮುಂದಿನಿಂದ ಕದಲಿ, ರಸ್ತೆ ಬಿಟ್ಟು, ಕೆರೆಯ ನೀರಿನ ಕಡೆ ಹೊರಟಿತು. ಚನ್ನೇಶ ತಾನೇ ಒಂದು ಸಲ ಲೈಟು ಆರಿಸಿ, ಮತ್ತೆ ಹಾಕಿ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

"ನಂದ ತಪ್ಪು ಅಕ್ಕಾರ. ಲ್ಯಾಂಪ್ ಮಿಣುಕಿದ್ದ ನೋಡಿದೆ, ನಿಂತ ಮ್ಯಾಲೂ ಮಿಣುಕತೈತೇನು ಅಂತ ನೋಡಲಿಲ್ಲ."

"ಲೈಟ್ ಹಾಕಿದಾಕಿ ನಾನಲ್ಲೇನು. ಅರ್ಧ ನಂದು."

ಈ ಸಲ ನಾಲ್ಕೂ ಲೈಟು ಆರಿಸಿ, ಹಿಂದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿದರು. ಮೈಲಪ್ಪ ಗಾಲಿ ತಿರುಗಿಸಿದ. ಚನ್ನೇಶ ಕೆಳಗಿನಿಂದ ವೈರು ಹುಡುಕಿದ. ತಿರುಗಿದಾಗ ಮಿಣುಕುವ, ನಿಂತಾಗ ಸುಮ್ಮನಾಗುವ ವೈರು ಸಿಗುವವರೆಗೆ ಅವನು ಮೇಲೇಳಲಿಲ್ಲ. ಸಿಕ್ಕ ಮೇಲೂ ಗಾಲಿಯನ್ನು ನಿಲ್ಲಿಸಿ, ತಿರುಗಿಸಿ, ನಿಲ್ಲಿಸಿ ನೋಡಿಸಿದ. ಹಳೆಯ ಟೇಪು ಬಿಚ್ಚಿ, ಡಬ್ಬಿಯ ವೈರನ್ನು ಇದಕ್ಕೆ ಸುತ್ತಿ ಕಟ್ಟಿದ. ಡಬ್ಬಿ ಕಲಿತಿದ್ದ ಸುಳ್ಳು ಲೆಕ್ಕವನ್ನೆಲ್ಲ ಅಳಿಸಿದ. ಮೀಟರು ತಿರುಗಿ ಕೂರಿಸುವಾಗ ಕೈಜಾರಿ ಎರಡು ಸ್ಕ್ರೂ ಡ್ಯಾಶ್‌ಬೋರ್ಡಿನೊಳಗೆ ಬಿದ್ದವು. ಟಾರ್ಚು ಹಾಕಿ ಹುಡುಕಿದ. ಸಿಗಲಿಲ್ಲ. ಉಳಿದ ಸ್ಕ್ರೂ ಸಾಕು ಎಂದು ಅವಳೇ ಹೇಳಿದಳು.

ಹೆದ್ದಾರಿಯಲ್ಲಿ ಬಿಸಿಲು ಓರೆಯಾಗಿತ್ತು. ಬೀಜದ ಕಂಪನಿಗಳ ಗೋಡೆಗಳು ದಾಟಿದ ಮೇಲೆ ಎರಡೂ ಕಡೆ ಗೋವಿನಜೋಳದ ಹೊಲ. ನಾಗಲಕ್ಷ್ಮಿ ಒಂದು ಲಾರಿಯನ್ನು ಹಿಂದೆ ಹಾಕಿದಳು. ಮೈಲಪ್ಪನ ಕಾಲು ಬ್ರೇಕು ಒತ್ತಲಿಲ್ಲ. ಏನಾಯಿತೆಂದು ಓರೆಗಣ್ಣಿನಲ್ಲಿ ನೋಡಿದಳು. ಅವನು ಬಾಯಿ ತೆರೆದು ನಿದ್ದೆ ಹೋಗಿದ್ದ, ತಲೆ ಕಿಟಕಿಗೆ ಬಡಿಯುತ್ತಿದ್ದರೂ ಏಳಲಿಲ್ಲ. ಊರಿನ ಸೇತುವೆಯ ಕೆಳಗೆ ಹೊಕ್ಕಾಗ ಬಾಣ ಅವಳ ಜೊತೆಗೇ ಹೊಕ್ಕಿತು, ಜೊತೆಗೇ ಹೊರಬಿತ್ತು.

ಮನೆಯ ಮುಂದೆ ಹಾಲೇಶಪ್ಪ ಕಟ್ಟೆಗೆ ಬಂದು ಕೂತಿದ್ದ. ಹೇಗಾಯಿತು ಎಂದು ಹೆಂಡತಿಯನ್ನು ಕೇಳದೆ ಮೈಲಪ್ಪನನ್ನು ಕೇಳಿದ.

"ರಾಣೆಬೆನ್ನೂರ ಬಿಟ್ಟಿದ್ದು ನೆನಪೈತಿ," ಎಂದ ಮೈಲಪ್ಪ, ಕಣ್ಣು ಉಜ್ಜುತ್ತ. "ಆಮ್ಯಾಲ ಗೊತ್ತಿಲ್ಲ. ನಾ ಮಲಗಿದ್ದೆ."

ಹಾಲೇಶಪ್ಪ ಈ ಸಲ ಚಾವಿಗೆ ಕೈ ಚಾಚದೆ, ಕಟ್ಟೆಯ ಮೇಲೆ ಸರಿದು ಹೆಂಡತಿಗೆ ಜಾಗ ಮಾಡಿದ. ಮೈಲಪ್ಪ ಒಂದು ಚರಿಗೆ ನೀರು ಕುಡಿದು, ನಾಳೆ ತಾನು ಬರುವುದಿಲ್ಲ, ಮಲಗಲು ಮನೆಯಲ್ಲೇ ಜಾಗವಿದೆ ಎಂದು ಹೇಳಿ ಹೋದ. ಗುಡ್ಡವ್ವ ಬುಟ್ಟಿಗಳನ್ನು ಒಂದೊಂದೇ ಬೋರಲು ಹಾಕಿ, ತಳದಲ್ಲಿ ಉಳಿದ ಚೂರುಗಳನ್ನು ಮೊರದಲ್ಲಿ ಕೂಡಿಸಿದಳು. ಒಂದಕ್ಕೊಂದು ಜೋಡಿಸಿ ನೋಡಿ, ಗಟ್ಟಿಯಾಗಿ ಎಣಿಸಿ, ಹಿತ್ತಿಲ ಎಮ್ಮೆಗೆ ಹಾಕಲು ಒಯ್ದಳು.

ಮುರಿದ ರೊಟ್ಟಿ ಒಂಬತ್ತು. ಸ್ಕ್ರೂ ಎರಡು. ಆ ದಿನ ಹೋದದ್ದು ಅಷ್ಟೇ.